ಸಿಕೆರ: ಒಲ್ಲೆ ಎಂದವರು ಉಳಿಸಿಕೊಟ್ಟ ಪದ

ಇಡೀ ಹೊಸ ಒಡಂಬಡಿಕೆಯಲ್ಲಿ ಒಂದೇ ಒಂದು ಸಲ ಬರುವ ಪದ ಅದು. ಲೂಕನ ಸುವಾರ್ತೆ, ಮೊದಲ ಅಧ್ಯಾಯ, 15ನೇ ವಚನ. ಯೆರೂಸಲೇಮಿನ ದೇವಾಲಯದಲ್ಲಿ ಧೂಪ ಹಾಕುತ್ತ ನಿಂತ ಮುದುಕ ಯಾಜಕ ಜಕರೀಯನಿಗೆ ದೇವದೂತ ಕಾಣಿಸಿಕೊಂಡು ಹೇಳುತ್ತಾನೆ: ಈ ಇಳಿವಯಸ್ಸಿನಲ್ಲಿ ನಿನಗೆ ಮಗ ಹುಟ್ಟುತ್ತಾನೆ, ಅವನು ಎರಡು ಪಾನೀಯಗಳನ್ನು ಬಾಯಿಗೆ ತಾಗಿಸುವುದಿಲ್ಲ. ಕನ್ನಡ ಬೈಬಲ್ ಓದಿದವರಿಗೆ ಆ ಎರಡೂ ಗೊತ್ತು. ಒಂದು ದ್ರಾಕ್ಷಾರಸ, ಇನ್ನೊಂದು ಮದ್ಯ. ಸರಿ, ಹುಡುಗ ಕುಡಿಯುವುದಿಲ್ಲ ಎಂದಾಯಿತು ಅಂದುಕೊಂಡು ನಾವು ಮುಂದಕ್ಕೆ ಓದಿಕೊಂಡು ಹೋಗಿಬಿಡುತ್ತೇವೆ.

ನಿಲ್ಲಿ. ದಯವಿಟ್ಟು ಅಲ್ಲಿ ಒಂದು ಕ್ಷಣ ನಿಲ್ಲಿ. ಏಕೆಂದರೆ ಮೂಲ ಗ್ರೀಕಿನಲ್ಲಿ ಆ ‘ಮದ್ಯ’ದ ಜಾಗದಲ್ಲಿ ಇರುವುದು ಗ್ರೀಕ್ ಪದವೇ ಅಲ್ಲ! ಅಲ್ಲಿರುವುದು ‘ಸಿಕೆರ’. ಗ್ರೀಕಿನಲ್ಲಿ ನಾಮಪದಕ್ಕೆ ವಿಭಕ್ತಿ ಹತ್ತಲೇಬೇಕು. ಕನ್ನಡದಲ್ಲಿ ‘ಮನೆ’ ಮನೆಯನ್ನು, ಮನೆಯಿಂದ, ಮನೆಗೆ ಆಗುವ ಹಾಗೆ. ಈ ಸಿಕೆರಕ್ಕೆ ಯಾವ ವಿಭಕ್ತಿಯೂ ಹತ್ತುವುದಿಲ್ಲ. ಯಾವ ವಾಕ್ಯದಲ್ಲಿ ತಂದು ಕೂರಿಸಿದರೂ ಹಾಗೇ, ಇದ್ದ ರೂಪದಲ್ಲೇ ಕೂರುತ್ತದೆ. ಹೊರಗಿನಿಂದ ಬಂದ ಪದ, ಗ್ರೀಕ್ ವ್ಯಾಕರಣಕ್ಕೆ ತಲೆಬಾಗದ ಪದ. ಎಲ್ಲಿಂದ ಬಂತು? ಆ ಒಂದು ಪ್ರಶ್ನೆ ಹಿಡಿದು ಹೊರಟರೆ ಸಿಗುವುದು ನಾಲ್ಕು ಸಾವಿರ ವರ್ಷಗಳ ದಾರಿ. ಆ ದಾರಿ ಕೊನೆಗೆ ನಮ್ಮ ಸಾಗರ ತಾಲ್ಲೂಕಿನ ಕಾರ್ಗಲ್ಲಿನ ಪೇಟೆಯಲ್ಲಿ, ಡಿಸೆಂಬರ್ ತಿಂಗಳಲ್ಲಿ, ಎದುರಿಗೇ ಬಂದು ನಿಲ್ಲುತ್ತದೆ. ನನಗೆ ಇನ್ನೂ ಅದರ ಬೆರಗು ಇಳಿದಿಲ್ಲ.

ಮೊದಲು ಹಿಂದಕ್ಕೆ ಹೋಗೋಣ. ಹೀಬ್ರೂ ಭಾಷೆಯಲ್ಲಿ ‘ಶೇಖಾರ್’ ಎಂದರೆ ಅಮಲೇರಿಸುವ ಪಾನೀಯ. ಅದರ ಅರಮೇಯ ರೂಪ ‘ಶಿಕ್ರಾ’. ಕ್ರಿಸ್ತಪೂರ್ವ ಮೂರನೇ ಶತಮಾನದಿಂದ ಈಜಿಪ್ಟಿನ ಅಲೆಕ್ಸಾಂಡ್ರಿಯದ ಯೆಹೂದಿ ಪಂಡಿತರು ತಮ್ಮ ಧರ್ಮಗ್ರಂಥವನ್ನು ಗ್ರೀಕಿಗೆ ತರಲು ಕೂತಾಗ, ಈ ಪದಕ್ಕೆ ಗ್ರೀಕ್ ಪದ ಹುಡುಕುವ ಬದಲು ಅರಮೇಯದ ಉಚ್ಚಾರವನ್ನೇ ಗ್ರೀಕ್ ಅಕ್ಷರದಲ್ಲಿ ಬರೆದುಬಿಟ್ಟರು. ಗ್ರೀಕಿನಲ್ಲಿ ಬಾರ್ಲಿಯ ಬಿಯರ್‌ಗೆ ಬೇರೆ ಪದವೇ ಇತ್ತು. ಆದರೂ ಅದನ್ನು ಮುಟ್ಟಲಿಲ್ಲ. ವ್ರತದ ವಾಕ್ಯದಲ್ಲಿ ಬರುವ ಪದವನ್ನು ಬದಲಿಸಲು ಅವರಿಗೆ ಮನಸ್ಸು ಬರಲಿಲ್ಲ ಎಂದೇ ನನಗೆ ಅನ್ನಿಸುತ್ತದೆ.

ಇನ್ನೂ ಹಿಂದಕ್ಕೆ ಹೋದರೆ ಬ್ಯಾಬಿಲೋನ್. ಅಲ್ಲಿನ ಅಕ್ಕಾಡಿಯನ್ ಭಾಷೆಯಲ್ಲಿ ‘ಶಿಕಾರು’ ಎಂದರೆ ಬಿಯರ್. ಜೇಡಿಮಣ್ಣಿನ ಹಲಗೆಗಳ ಮೇಲೆ, ಕೂಲಿಯ ಲೆಕ್ಕದಲ್ಲಿ, ದೇವಾಲಯದ ಪಡಿತರದಲ್ಲಿ ಎಲ್ಲೆಲ್ಲೂ ಅದು ಸಿಗುತ್ತದೆ. ಕ್ರಿಸ್ತಪೂರ್ವ 18ನೇ ಶತಮಾನದ ದೊರೆ ಹಮ್ಮುರಾಬಿಯ ಶಾಸನ ನೆನಪಿದೆಯಲ್ಲ? ಹೈಸ್ಕೂಲಿನ ಇತಿಹಾಸದಲ್ಲಿ ಕಣ್ಣಿಗೆ ಕಣ್ಣು, ಹಲ್ಲಿಗೆ ಹಲ್ಲು ಎಂದು ಓದಿದ್ದು. 1901ರಲ್ಲಿ ಇರಾನಿನ ಸೂಸಾದಲ್ಲಿ ಅಗೆದಾಗ ಸಿಕ್ಕ ಆ ಕರಿಕಲ್ಲು ಈಗ ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಮ್ಮಿನಲ್ಲಿದೆ. ಅದರ 110ನೇ ಕಟ್ಟಳೆ ಓದಿದಾಗ ಮೈ ಜುಂ ಎಂದಿತು. ದೇವರಿಗೆ ಮುಡಿಪಾದ ಹೆಣ್ಣು, ಮಠದಂಥ ಆವರಣದ ಹೊರಗೆ ಇರುವವಳು, ಹೆಂಡದ ಅಂಗಡಿ ತೆರೆದರೆ, ಅಥವಾ ಶಿಕಾರುವಿಗಾಗಿ ಅಂಗಡಿಯೊಳಗೆ ಕಾಲಿಟ್ಟರೆ, ಅವಳನ್ನು ಸುಡಬೇಕು ಎನ್ನುತ್ತದೆ ಅದು. ಎಷ್ಟು ಕ್ರೂರ! ಆದರೆ ನೋಡಿ, ದೇವರ ಸೇವೆಗೆ ನಿಂತವರು, ಈ ಪಾನೀಯ, ‘ಕೂಡದು’ ಎಂಬ ಮಾತು ಮೂರೂ ಒಟ್ಟಿಗೆ ಅಲ್ಲಿವೆ. ಅದೂ ಲೂಕನಿಗಿಂತ ಸಾವಿರದ ಎಂಟುನೂರು ವರ್ಷಗಳಷ್ಟು ಹಿಂದೆ, ಅದೇ ಧಾತುವಿನ ಪದ ಇಟ್ಟುಕೊಂಡು.

ಈ ಪದದ ಹಣೆಬರಹವೇ ವಿಚಿತ್ರ. ಕುಡಿದವರ ಬಾಯಿಂದ ಅದು ಎಂದೋ ಅಳಿದುಹೋಗಬಹುದಿತ್ತು. ಒಲ್ಲೆ ಎಂದವರು ಅದನ್ನು ಶತಮಾನದಿಂದ ಶತಮಾನಕ್ಕೆ ಹೊತ್ತು ತಂದರು.

ಬೈಬಲ್ಲಿನ ಯಾಜಕಕಾಂಡದ 10ನೇ ಅಧ್ಯಾಯದಲ್ಲಿ ಯಾಜಕ ಆರೋನನಿಗೆ ಆಜ್ಞೆಯಾಗುತ್ತದೆ: ನೀನೂ ನಿನ್ನ ಮಕ್ಕಳೂ ದೇವರ ಗುಡಾರದೊಳಗೆ ಹೋಗುವಾಗ ದ್ರಾಕ್ಷಾರಸವನ್ನೂ ಶೇಖಾರನ್ನೂ ಕುಡಿದಿರಬಾರದು. ಗ್ರೀಕ್ ಅನುವಾದದಲ್ಲಿ ಇಲ್ಲಿ ‘ಸಿಕೆರ’ ಇದೆ. ಅರಣ್ಯಕಾಂಡದ 28ನೇ ಅಧ್ಯಾಯಕ್ಕೆ ಬನ್ನಿ. ದಿನದಿನದ ಹೋಮದ ಜೊತೆಗೆ ಪವಿತ್ರಸ್ಥಳದಲ್ಲಿ ದೇವರಿಗೆ ಪಾನದ್ರವ್ಯವಾಗಿ ಶೇಖಾರನ್ನು ಹೊಯ್ಯಬೇಕು ಎಂದಿದೆ! ಪೂಜಾರಿ ಕುಡಿಯುವಂತಿಲ್ಲ, ದೇವರಿಗೆ ಎರೆಯಬೇಕು. ನಮ್ಮ ಮಲೆನಾಡಿನಲ್ಲಿ ಭೂತ, ಚೌಡಿಯ ಬನಗಳನ್ನು ಕಂಡವರಿಗೆ ಇದರಲ್ಲಿ ಅಚ್ಚರಿಯೇನೂ ಇರಲಾರದು. ಕಲ್ಲಿನ ಮುಂದೆ ಸಾರಾಯಿ ಇಡುವ ಹರಕೆ ನಮಗೆ ಹೊಸದೇ? ಧರ್ಮೋಪದೇಶಕಾಂಡದ 14ನೇ ಅಧ್ಯಾಯವಂತೂ ಇನ್ನೂ ಉದಾರಿ. ದೂರದೂರಿನಿಂದ ದಶಮಾಂಶ ಹೊತ್ತು ತರಲಾಗದವರು ಅದನ್ನು ಮಾರಿ, ಆ ಹಣದಲ್ಲಿ ದೇವಸನ್ನಿಧಿಯಲ್ಲಿ ಬೇಕಾದ್ದು ಕೊಂಡು, ಶೇಖಾರನ್ನೂ ಕೊಂಡು, ಮನೆಮಂದಿಯೆಲ್ಲ ಸಂತೋಷಪಡಬಹುದು ಎನ್ನುತ್ತದೆ. ಅಂದರೆ ಆ ಪಾನೀಯವೇ ಪಾಪ ಎಂದು ಆ ಗ್ರಂಥ ಎಲ್ಲೂ ತೀರ್ಪು ಕೊಡುವುದಿಲ್ಲ. ಯಾರು, ಯಾವಾಗ, ಯಾಕಾಗಿ ಬಿಡುತ್ತಾರೆ ಎಂಬುದರಲ್ಲೇ ಎಲ್ಲವೂ ಇದೆ.

ಈಗ ಮತ್ತೆ ಜಕರೀಯನನ್ನು ನೋಡಿ. ಅವನು ಆ ಗಳಿಗೆಯಲ್ಲಿ ಎಲ್ಲಿದ್ದಾನೆ? ದೇವಾಲಯದ ಒಳಗೆ, ಧೂಪವೇದಿಯ ಪಕ್ಕ. ಆರೋನನ ಸಂತತಿಯವನು, ಸರದಿಯ ಮೇಲೆ ಸೇವೆಗೆ ಬಂದವನು. ಆರೋನನಿಗೆ ಕೊಟ್ಟ ಆ ಆಜ್ಞೆ ಆ ಕ್ಷಣ ಅವನ ಮೇಲೂ ಇದೆ. ಸೇವೆ ಮುಗಿದು ಮನೆಗೆ ಹೋದರೆ ಅದರಿಂದ ಬಿಡುಗಡೆ. ಅಂಥವನಿಗೆ ದೂತ ಹೇಳುತ್ತಿರುವುದು, ನೀನು ಸೇವೆಯ ಹೊತ್ತಿಗೆ ಮಾತ್ರ ಪಾಲಿಸುವ ನೇಮವನ್ನು ನಿನ್ನ ಮಗ ಬದುಕಿಡೀ ಪಾಲಿಸುತ್ತಾನೆ ಎಂದು! ಅವನಿಗೆ ಇಡೀ ಲೋಕವೇ ದೇವಾಲಯದ ಒಳಾಂಗಣ. ಲೂಕ ಆ ವಾಕ್ಯವನ್ನು ಯಾಜಕಕಾಂಡದ ಹಳೆಯ ಗ್ರೀಕ್ ಮಾತುಗಳಲ್ಲೇ, ಸಿಕೆರವನ್ನೂ ಬಿಡದೆ, ಕಟ್ಟಿದ್ದಾನೆ. ಕೇಳಿದ ಯೆಹೂದಿ ಕಿವಿಗೆ ತಟ್ಟನೆ ಆರೋನ ನೆನಪಾಗಿರಬೇಕು. ನನಗಂತೂ ಇದು ಹೊಳೆದ ಮೇಲೆ ಆ ವಚನವನ್ನು ಮೊದಲಿನಂತೆ ಓದಲು ಆಗುತ್ತಿಲ್ಲ.

ಆರೋನನ ಜೊತೆಗೆ ಇನ್ನೂ ಕೆಲವರು ನೆನಪಾಗುತ್ತಾರೆ: ನಾಜೀರರು. ಇಲ್ಲಿಂದಲೇ ದಾರಿ ಕಾರ್ಗಲ್ಲಿನ ಕಡೆಗೆ ತಿರುಗುವುದು.

ಅರಣ್ಯಕಾಂಡದ 6ನೇ ಅಧ್ಯಾಯದಲ್ಲಿ ನಾಜೀರ ವ್ರತದ ವಿಧಿಯಿದೆ. ಯಾಜಕರ ಮನೆತನದಲ್ಲಿ ಹುಟ್ಟಬೇಕಿಲ್ಲ. ಗಂಡಸಾಗಲಿ ಹೆಂಗಸಾಗಲಿ, ಯಾರು ಬೇಕಾದರೂ, ತಮ್ಮ ಮನಸ್ಸಿನಿಂದ ಇಷ್ಟು ದಿನ ಎಂದು ಹರಕೆ ಹೊತ್ತುಕೊಳ್ಳಬಹುದು. ನೇಮಗಳು ಮೂರು. ಅಮಲಿನ ಪಾನೀಯ ಮುಟ್ಟಬಾರದು. ದ್ರಾಕ್ಷಾರಸ, ಶೇಖಾರ್, ಅವೆರಡರ ಹುಳಿ, ಹಸಿ ದ್ರಾಕ್ಷಿ, ಒಣ ದ್ರಾಕ್ಷಿ, ಕೊನೆಗೆ ಅದರ ಬೀಜ ಸಿಪ್ಪೆ ಕೂಡ ಕೂಡದು. ತಲೆಗೆ ಕ್ಷೌರದ ಕತ್ತಿ ತಾಗಿಸಬಾರದು. ಸತ್ತವರ ಬಳಿ ಹೋಗಬಾರದು, ತಂದೆತಾಯಿ ಸತ್ತರೂ ಸರಿಯೇ.

ಕುಡಿಯಬಾರದು. ಕೂದಲು ತೆಗೆಸಬಾರದು. ಸಾವಿನ ಮನೆಗೆ ಹೋಗಬಾರದು.

ಈ ಮೂರನ್ನು ಒಟ್ಟಿಗೆ ಎಲ್ಲಿ ಕೇಳಿದ್ದೀರಿ? ಕಾರ್ಗಲ್ಲಿನಲ್ಲಿ ನವೆಂಬರ್ ನಡುವಿನಿಂದ ಒಂದು ಸಲ ಪೇಟೆಗೆ ಹೋಗಿ ಬನ್ನಿ. ಕಪ್ಪು ಬಟ್ಟೆ, ಬರಿಗಾಲು, ಕೊರಳಲ್ಲಿ ತುಳಸಿ ಅಥವಾ ರುದ್ರಾಕ್ಷಿ ಮಾಲೆ, ಹಣೆಗೆ ಗಂಧ. ಹಿಂದಿನ ವಾರದವರೆಗೆ ಹೆಸರು ಹಿಡಿದು ಕರೆಯುತ್ತಿದ್ದ ಆಟೋ ಚಾಲಕನನ್ನು ಈಗ ಎಲ್ಲರೂ ‘ಸ್ವಾಮಿ’ ಎನ್ನುತ್ತಾರೆ. ಗಡ್ಡ ದಿನದಿನಕ್ಕೆ ಬೆಳೆಯುತ್ತಿದೆ, ಕತ್ತಿ ತಾಗಿಸುವಂತಿಲ್ಲ. ಸಂಜೆ ಗೆಳೆಯರ ಜೊತೆ ಕೂರುತ್ತಿದ್ದವನು ಆ ಕಡೆ ತಲೆ ಹಾಕುವುದಿಲ್ಲ. ನೆಂಟರಲ್ಲಿ ಯಾರೋ ತೀರಿಕೊಂಡರು ಎಂದು ಫೋನ್ ಬಂದರೆ ‘ಮಾಲೆ ಹಾಕಿದಾನೆ, ಬರೂದಿಲ್ಲ’ ಎಂದು ಮನೆಯವರೇ ಹೇಳುತ್ತಾರೆ. ಹತ್ತಿರದ ಸೂತಕವಾದರೆ ಮಾಲೆಯನ್ನೇ ತೆಗೆಯಬೇಕಾಗುತ್ತದೆ. ಶಬರಿಮಲೆ ಅಯ್ಯಪ್ಪನ 41 ದಿನದ ಮಂಡಲ ವ್ರತ. ಕುಡಿತವಿಲ್ಲ, ಕ್ಷೌರವಿಲ್ಲ, ಸಾವಿನ ಮನೆಯಿಲ್ಲ.

ಅಬ್ಬಾ! ಸಿನಾಯ್ ಮರುಭೂಮಿಯಲ್ಲಿ ಮೋಶೆಗೆ ಹೇಳಿದ್ದೆಂದು ಬರೆದಿಟ್ಟ ನೇಮಗಳ ಪಟ್ಟಿಯನ್ನೂ ಶಬರಿಮಲೆಗೆ ಹೊರಟವನ ನೇಮಗಳನ್ನೂ ಪಕ್ಕಪಕ್ಕ ಇಟ್ಟರೆ ಮೂರಕ್ಕೆ ಮೂರೂ ಕೂಡುತ್ತವೆ. ಒಂದು ಇನ್ನೊಂದರಿಂದ ಬಂತು ಎಂದು ನಾನು ಹೇಳುತ್ತಿಲ್ಲ, ಹಾಗೆ ಹೇಳಲು ಆಧಾರವೂ ಇಲ್ಲ. ಅಯ್ಯಪ್ಪ ವ್ರತಕ್ಕೆ ಮಾಂಸ ವರ್ಜ್ಯ, ಬ್ರಹ್ಮಚರ್ಯ ಕಡ್ಡಾಯ. ನಾಜೀರನಿಗೆ ಅವೆರಡರ ಮಾತೇ ಇಲ್ಲ. ಅಲ್ಲಿ ದ್ರಾಕ್ಷಿ ಸಿಪ್ಪೆಯೂ ಕೂಡದು, ಇಲ್ಲಿ ಆ ಪ್ರಶ್ನೆ ಹುಟ್ಟುವುದೇ ಇಲ್ಲ. ಆದರೂ ಪರಸ್ಪರ ಗುರುತಿಲ್ಲದ ಎರಡು ನಾಡುಗಳ ಸಾಮಾನ್ಯ ಜನ, ದೇವರ ಕಡೆಗೆ ಒಂದಷ್ಟು ದಿನ ಮುಖ ಮಾಡಿ ನಿಲ್ಲುತ್ತೇವೆ ಎಂದಾಗ, ಇವೇ ಮೂರನ್ನು ಆರಿಸಿಕೊಂಡರಲ್ಲ! ಮನಸ್ಸನ್ನು ಮಸುಕು ಮಾಡುವುದು ಬೇಡ, ಮೈ ತನ್ನಷ್ಟಕ್ಕೆ ಬೆಳೆಯಲಿ, ಸಾವು ದೂರವಿರಲಿ. ಬದುಕನ್ನು ಪೂರ್ತಿ ಎಚ್ಚರದಲ್ಲಿ ಹಿಡಿದುಕೊಳ್ಳುವ ಹಟ ಅದು ಎಂದು ನಾನು ಓದಿಕೊಂಡಿದ್ದೇನೆ.

ಇನ್ನೂ ಇದೆ ಕೇಳಿ. ನಾಜೀರ ವ್ರತ ಮುಗಿದ ದಿನ ಆತ ದೇವಾಲಯದ ಬಾಗಿಲಲ್ಲಿ ತಲೆ ಬೋಳಿಸಿ, ಆ ಕೂದಲನ್ನು ಬಲಿಯ ಕೆಳಗಿನ ಬೆಂಕಿಗೆ ಹಾಕಬೇಕು. ನಮ್ಮವರು ಇದಕ್ಕೆ ಏನೆನ್ನುತ್ತಾರೆ? ಮುಡಿ ಕೊಡುವುದು! ತಿರುಪತಿಯಲ್ಲಿ, ಧರ್ಮಸ್ಥಳದಲ್ಲಿ ದಿನಾ ನಡೆಯುವುದು. ಅದಕ್ಕಿಂತ ಸೋಜಿಗವೆಂದರೆ ನಾಜೀರನ ಆ ಮುಡಿಪಿನ ಕೂದಲಿಗೆ ಹೀಬ್ರೂವಿನಲ್ಲಿ ‘ನೇಜೆರ್’ ಎನ್ನುತ್ತಾರೆ, ರಾಜನ ಕಿರೀಟಕ್ಕೂ ಅದೇ ಹೆಸರು. ಕಾರ್ಗಲ್ಲಿನ ತಮಿಳು ಮನೆಯವರನ್ನು ಕೇಳಿ ನೋಡಿ, ‘ಮುಡಿ’ ಎಂದರೆ ಅವರಿಗೆ ಕೂದಲೂ ಹೌದು, ಕಿರೀಟವೂ ಹೌದು.

ಕಾರ್ಗಲ್ಲಿನಲ್ಲಿ ತಮಿಳು ಮನೆ ಎಲ್ಲಿಂದ ಬಂತು ಎಂದು ಹೊರಗಿನವರು ಕೇಳಬಹುದು. ಶರಾವತಿಗೆ ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಎದ್ದಾಗ, 1964ರಲ್ಲಿ ಅದು ಮುಗಿಯುವ ಹೊತ್ತಿಗೆ, ಜೋಗದ ಪಕ್ಕದ ಈ ಕಾಡೂರು ಕೆಲಸಗಾರರ ಊರಾಗಿಬಿಟ್ಟಿತ್ತು. ತಮಿಳುನಾಡು, ಕೇರಳ, ಆಂಧ್ರದಿಂದ ಬಂದವರು ಇಲ್ಲೇ ಉಳಿದರು. ಅವರ ಜೊತೆ ಅವರವರ ದೇವರು, ಹಬ್ಬ, ಹರಕೆಗಳೂ ಬಂದವು. ಒಂದು ಕಡೆ ಮುಳುಗಡೆಯಿಂದ ಊರುಗಳು ಖಾಲಿಯಾದವು, ಇನ್ನೊಂದು ಕಡೆ ಹೊಸ ಊರು ತುಂಬಿತು. ಸಾಗರದ ಕ್ರೈಸ್ತ ಮನೆಯಲ್ಲಿ ಹುಟ್ಟಿ, ಶರಾವತಿ ಯೋಜನೆಯಲ್ಲೇ ನೌಕರಿ ಮಾಡಿ, ಆ ನೋವನ್ನು ಕನ್ನಡಕ್ಕೆ ಕೊಟ್ಟ ನಾ. ಡಿಸೋಜ ಅವರ ‘ಮುಳುಗಡೆ’, ‘ದ್ವೀಪ’ ಓದಿದವರಿಗೆ ಆ ಕಥೆ ಹೇಳಬೇಕಿಲ್ಲ. ನಾನು ಹೇಳಬೇಕಾದ್ದು ಇಷ್ಟು: ಅಕ್ಕಪಕ್ಕದ ಬೀದಿಗಳಲ್ಲಿ ಮೂರು ಧರ್ಮ, ನಾಲ್ಕೈದು ಭಾಷೆ ಇರುವ ಇಂಥ ಊರಿನಲ್ಲೇ ಸಿಕೆರದ ಕಥೆಯನ್ನು ಪೂರ್ತಿ ಕಾಣಲು ಸಾಧ್ಯ.

ಈಗ ಕ್ಯಾಲೆಂಡರ್ ತೆಗೆಯಿರಿ. ಕಥೋಲಿಕ ಚರ್ಚುಗಳಲ್ಲಿ ಡಿಸೆಂಬರ್ 19ರಂದು, ಅದು ಭಾನುವಾರ ಬೀಳದಿದ್ದರೆ, ಪೂಜೆಯಲ್ಲಿ ಓದುವ ಸುವಾರ್ತೆ ಯಾವುದು ಗೊತ್ತೇ? ಲೂಕ ಮೊದಲ ಅಧ್ಯಾಯ, 5ರಿಂದ 25ರವರೆಗಿನ ವಚನಗಳು. ಜಕರೀಯನ ಕಥೆ. ಸಿಕೆರ ಬರುವ ಆ ಒಂದೇ ಒಂದು ವಚನ ಅದರ ನಡುವೆ. ಶಬರಿಮಲೆಯ ಮಂಡಲ ಪೂಜೆ ಡಿಸೆಂಬರ್ ಕೊನೆಯ ವಾರದಲ್ಲಿ. ಅಂದರೆ ಒಂದು ಬೀದಿಯಲ್ಲಿ ಜಕರೀಯನ ಮಗ ಯೋಹಾನ ಅಮಲಿನದ್ದು ಮುಟ್ಟುವುದಿಲ್ಲ ಎಂಬ ವಾಕ್ಯ ಕೇಳಿಸುವ ದಿನ, ಇನ್ನೊಂದು ಬೀದಿಯಲ್ಲಿ ಗಡ್ಡ ಬಿಟ್ಟ, ಕುಡಿತ ಬಿಟ್ಟ, ಸೂತಕದಿಂದ ದೂರವಿರುವ ಸ್ವಾಮಿಗಳು ಶರಣು ಕೂಗುತ್ತಿರುತ್ತಾರೆ. ಮಂಡಲಕ್ಕೆ ಮಾಲೆ ಹಾಕಿದವರಿಗೆ ಆಗ ಒಂದು ತಿಂಗಳು ದಾಟಿರುತ್ತದೆ. ಎಷ್ಟು ದಿನ ಎಂದು ಹೇಳದೆ ನಾಜೀರ ಹರಕೆ ಹೊತ್ತರೆ ಅದು 30 ದಿನ ಎಂದು ಯೆಹೂದಿ ಗುರುಗಳ ಮಿಷ್ನಾ ಗ್ರಂಥ ಗೊತ್ತುಮಾಡಿದೆ. ಅದನ್ನೂ ದಾಟಿದವರು ಇವರು!

ಮೂರನೇ ಬೀದಿಗೂ ಹೋಗೋಣ. ಅರಬ್ಬಿ ಭಾಷೆ ಹೀಬ್ರೂವಿನ ಒಡಹುಟ್ಟು. ಶೇಖಾರ್‌ನ ಆ ಮೂರು ವ್ಯಂಜನಗಳು ಅರಬ್ಬಿಯಲ್ಲಿ ಸ-ಕ-ರ ಆಗುತ್ತವೆ. ಕುರ್‌ಆನ್‌ನ 16ನೇ ಅಧ್ಯಾಯದ 67ನೇ ವಚನದಲ್ಲಿ, ಖರ್ಜೂರ ಮತ್ತು ದ್ರಾಕ್ಷಿಯ ಹಣ್ಣಿನಿಂದ ನೀವು ‘ಸಕರ್’ ತೆಗೆಯುತ್ತೀರಿ ಎಂಬ ಮಾತಿದೆ. ಅಮಲಿನ ಪೇಯ ಎಂದೇ ಅರ್ಥ. 4ನೇ ಅಧ್ಯಾಯದ 43ನೇ ವಚನದಲ್ಲಿ, ಅಮಲಿನಲ್ಲಿರುವಾಗ ಪ್ರಾರ್ಥನೆಯ ಹತ್ತಿರ ಬರಬೇಡಿ ಎಂಬ ಆದೇಶ. ಅಮಲೇರಿದವರಿಗೆ ಬಳಸಿದ ಪದ ಅದೇ ಧಾತುವಿನದು. ಆರೋನನಿಗೆ ಕೊಟ್ಟ ಆಜ್ಞೆಯನ್ನು ಇದರ ಪಕ್ಕಕ್ಕೆ ಇಡಿ. ಸನ್ನಿಧಿಗೆ ಹೋಗುವಾಗ ಬೇಡ ಎಂಬ ಆ ಮಾತೇ, ಆ ಧಾತುವಿನಲ್ಲೇ, ಸಾವಿರಕ್ಕೂ ಹೆಚ್ಚು ವರ್ಷಗಳ ಆಚೆ ಮತ್ತೆ ಮೊಳಗುತ್ತದೆ. ಸಾಯುವ ಹೊತ್ತಿನ ಮಂಪರಿಗೆ ನಮ್ಮ ಮುಸ್ಲಿಂ ಮನೆಗಳಲ್ಲಿ ‘ಸಕರಾತ್’ ಎನ್ನುತ್ತಾರಲ್ಲ, ಅದೂ ಇದರ ಬಳಗವೇ. ಯಾರೂ ಅದನ್ನು ಬ್ಯಾಬಿಲೋನಿನ ಬಿಯರ್ ಅಂಗಡಿಗೆ ಜೋಡಿಸಿ ನೋಡುವುದಿಲ್ಲ, ಆದರೆ ಜೋಡಣೆ ಅಲ್ಲಿದೆ.

ಪಶ್ಚಿಮಕ್ಕೆ ಹೊರಟ ಕವಲಿನದ್ದು ಬೇರೆಯೇ ಕಥೆ. ಬೈಬಲ್ಲನ್ನು ಲ್ಯಾಟಿನ್ನಿಗೆ ತಂದ ಸಂತ ಜೆರೋಮ್ ಕೂಡ ಈ ಪದವನ್ನು ‘ಸಿಸೆರ’ ಎಂದು ಹಾಗೇ ಉಳಿಸಿದ. 394ರ ಸುಮಾರಿಗೆ ನೆಪೋಟಿಯನ್ ಎಂಬ ಯುವ ಪಾದ್ರಿಗೆ ಬರೆದ ಪತ್ರದಲ್ಲಿ ಅದರ ಅರ್ಥ ಬಿಡಿಸುತ್ತಾನೆ: ಕಾಳಿನಿಂದಾಗಲಿ, ಸೇಬಿನ ರಸದಿಂದಾಗಲಿ, ಕುದಿಸಿದ ಜೇನುಹುಟ್ಟಿನಿಂದಾಗಲಿ, ಖರ್ಜೂರ ಹಿಂಡಿಯಾಗಲಿ ತೆಗೆದ, ತಲೆಗೇರುವ ಯಾವುದೇ ಪಾನೀಯ. ಆ ಪಟ್ಟಿಯಲ್ಲಿದ್ದ ಸೇಬನ್ನು ಫ್ರಾನ್ಸಿನವರು ಹಿಡಿದುಕೊಂಡರು. ಸಿಸೆರ ಅಲ್ಲಿ ‘ಸಿದ್ರ್’ ಆಯಿತು, ಇಂಗ್ಲಿಷಿಗೆ ದಾಟಿ ‘ಸೈಡರ್’ ಆಯಿತು. 14ನೇ ಶತಮಾನದ ವಿಕ್ಲಿಫ್‌ನ ಇಂಗ್ಲಿಷ್ ಬೈಬಲ್ಲಿನಲ್ಲಿ ಯೋಹಾನ ಕುಡಿಯುವುದಿಲ್ಲ ಎಂದಿರುವುದು ಅದನ್ನೇ! ಇವತ್ತು ಬೆಂಗಳೂರಿನ ಅಂಗಡಿಯಲ್ಲಿ ಸೈಡರ್ ಎಂಬ ಲೇಬಲ್ ಅಂಟಿಸಿಕೊಂಡ ಬಾಟಲಿ ಕಂಡರೆ ಅದರ ಮೇಲಿರುವುದು ನಾಜೀರರು ಒಲ್ಲೆ ಎಂದ ಪದ.

ಜೆರೋಮನ ಅರ್ಥವನ್ನು ಒಪ್ಪಿದರೆ ನಮ್ಮ ಕಾಡಿನಲ್ಲೂ ಸಿಕೆರ ಇದೆ. ಬಗನಿ ಮರ ನೋಡಿದ್ದೀರಲ್ಲ, ಮೀನಿನ ಬಾಲದಂಥ ಎಲೆಯದು, ಕರಾವಳಿಯ ಕಡೆ ಬೈನೆ ಎನ್ನುತ್ತಾರೆ. ಬೆಳೆದು ನಿಂತ ಮೇಲೆ ನೆತ್ತಿಯಲ್ಲಿ ಮೊದಲ ಹೂಗೊನೆ ಇಳಿಯುತ್ತದೆ, ಆಮೇಲೆ ಒಂದೊಂದಾಗಿ ಕೆಳಗಿನ ಗಂಟುಗಳಲ್ಲಿ. ಕೊನೆಯ ಗೊನೆ ಮುಗಿಯಿತೆಂದರೆ ಮರವೂ ಮುಗಿಯಿತು. ಗೊನೆ ಅರಳುವ ಮುಂಚೆ ಬಿಗಿದು ಕಟ್ಟಿ, ತುದಿಯನ್ನು ದಿನವೂ ತೆಳ್ಳಗೆ ಕೊಯ್ದು, ಕೆಳಗೆ ಮಡಕೆ ಕಟ್ಟಿದರೆ ರಸ ಹನಿಯುತ್ತದೆ. ಬೆಳಗಿನದು ಬಾಯಿಗೆ ಸಿಹಿ. ಯಾರೂ ಏನೂ ಬೆರೆಸಬೇಕಿಲ್ಲ, ಗಾಳಿಯಲ್ಲೂ ಮಡಕೆಯಲ್ಲೂ ಇರುವ ಯೀಸ್ಟೇ ಸಾಕು. ಬಿಸಿಲೇರುವ ಹೊತ್ತಿಗೆ ನೊರೆಯೆದ್ದು ಹುಳಿಯಾಗಿ ತಲೆಗೇರುವ ಕಳ್ಳಾಗುತ್ತದೆ. ಅದೇ ಸಿಹಿ ರಸವನ್ನು ತಡಮಾಡದೆ ಕುದಿಸಿದರೆ ಬೆಲ್ಲ. ಬಯಲುಸೀಮೆಯ ಈಚಲು ಮರವಂತೂ ಅರಬ್ ನಾಡಿನ ಖರ್ಜೂರದ ಕುಲವೇ. ಅಲ್ಲಿ ಹಣ್ಣು ಹಿಂಡಿದರು, ಇಲ್ಲಿ ಮರವನ್ನೇ ಕೊಯ್ದು ರಸ ಇಳಿಸಿದರು, ವ್ಯತ್ಯಾಸ ಅಷ್ಟೇ.

ಮರ ಇದ್ದಲ್ಲಿ ಒಲ್ಲೆ ಎಂದವರೂ ಇದ್ದರು. 12ನೇ ಶತಮಾನದ ಕಲ್ಯಾಣದಲ್ಲಿ ಹೆಂಡ ಮಾರುತ್ತಿದ್ದ ಮಾರಯ್ಯ ಶರಣನಾದ. ‘ಧರ್ಮೇಶ್ವರಲಿಂಗ’ ಎಂಬ ಅಂಕಿತದಲ್ಲಿ ಬರೆದ. ತನ್ನ ಕಸುಬಿನ ಮಾತುಗಳನ್ನೇ ಎತ್ತಿಕೊಂಡು ಅವುಗಳಿಂದ ಒಳಗಿನ ಅಮಲನ್ನು, ಅಹಂಕಾರವನ್ನು ತೋರಿಸಿದ. ಇವತ್ತಿಗೂ ಅವನ ಹೆಸರು ಹೆಂಡದ ಮಾರಯ್ಯನೇ! ಬಿಟ್ಟದ್ದರ ಹೆಸರನ್ನೇ ಶರಣರು ಅವನಿಗೆ ಉಳಿಸಿದರು. ಈಚಿನ ಕಾಲಕ್ಕೆ ಬಂದರೆ ಕೇರಳದಲ್ಲಿ ನಾರಾಯಣ ಗುರುಗಳು ಕಳ್ಳಿನ ಕಸುಬಿಗೆ ಕಟ್ಟಿಹಾಕಿಸಿಕೊಂಡಿದ್ದ ತಮ್ಮದೇ ಜನಕ್ಕೆ ಅದನ್ನು ಇಳಿಸುವುದೂ ಕುಡಿಯುವುದೂ ಬೇಡ ಎಂದು ಬೋಧಿಸಿದರು. ಸಾಗರ ಸೀಮೆಯ ದೀವರು, ಈಡಿಗರು ಇವತ್ತು ಅವರ ಪಟಕ್ಕೆ ಹೂ ಹಾಕುತ್ತಾರೆ. ಹೊಟ್ಟೆಪಾಡಿನ ಕಸುಬನ್ನೇ ಬಿಡಿ ಎಂದು ಹೇಳುವುದಕ್ಕೆ ಎಷ್ಟು ಧೈರ್ಯ ಬೇಕು, ಕೇಳಿ ಒಪ್ಪುವುದಕ್ಕೆ ಇನ್ನೆಷ್ಟು ಬೇಕು!

ಒಂದು ಎಚ್ಚರಿಕೆಯ ಮಾತು. ಬೆರಗಿನ ಭರದಲ್ಲಿ ಉಚ್ಚಾರ ಹೋಲುವುದನ್ನೆಲ್ಲ ನೆಂಟಸ್ತಿಕೆ ಎಂದುಕೊಳ್ಳಬಾರದು. ನಮ್ಮ ಸೇಂದಿಗೂ ಶೇಖಾರಿಗೂ ಸಂಬಂಧವಿಲ್ಲ, ಸಕ್ಕರೆಗೂ ಇಲ್ಲ. ಅದು ಸಂಸ್ಕೃತದ ಶರ್ಕರದಿಂದ ಬಂದದ್ದು. ಆದರೆ ನಿಜವಾದ ನೆಂಟನೊಬ್ಬ ಬೇರೆ ಕಡೆ ಅಡಗಿ ಕೂತಿದ್ದಾನೆ. ಸಮುವೇಲನ ತಾಯಿ ಹನ್ನಳ ಕಥೆ ನೆನಪಿಸಿಕೊಳ್ಳಿ. ಮಕ್ಕಳಿಲ್ಲದ ದುಃಖದಲ್ಲಿ ದೇವಾಲಯದಲ್ಲಿ ತುಟಿ ಮಾತ್ರ ಅಲ್ಲಾಡಿಸುತ್ತ ಬೇಡಿಕೊಳ್ಳುತ್ತಿದ್ದಾಳೆ. ಯಾಜಕ ಏಲಿ ಕಂಡು, ಕುಡಿದಿದ್ದಾಳೆ ಎಂದು ಗದರುತ್ತಾನೆ. ನಾನು ದ್ರಾಕ್ಷಾರಸವನ್ನಾಗಲಿ ಶೇಖಾರನ್ನಾಗಲಿ ಕುಡಿದಿಲ್ಲ, ಮನಸ್ಸಿನ ನೋವನ್ನು ದೇವರ ಮುಂದೆ ಹೊಯ್ದುಕೊಳ್ಳುತ್ತಿದ್ದೇನೆ ಎನ್ನುತ್ತಾಳೆ ಆಕೆ. ಗ್ರೀಕ್ ಅನುವಾದಕರು ಇಲ್ಲಿ ಸಿಕೆರ ಬಿಟ್ಟು ‘ಮೆಥುಸ್ಮ’ ಎಂದು ಬರೆದಿದ್ದಾರೆ. ಅದು ‘ಮೆಥು’ ಎಂಬುದರಿಂದ ಹುಟ್ಟಿದ ಪದ. ಆ ಮೆಥು ಯಾರು ಗೊತ್ತೇ? ಸಂಸ್ಕೃತದ ‘ಮಧು’ವಿನ ಒಡಹುಟ್ಟು! ನಾವು ದಿನಾ ಆಡುವ ಮಧುವಿನ ಬಳ್ಳಿ ಹನ್ನಳ ಗ್ರೀಕ್ ಮಾತಿನೊಳಗೆ ಚಿಗುರಿದೆ.

ನಾಜೀರ ಹೆಣ್ಣುಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದವಳು ರಾಣಿ ಹೆಲೆನಾ. ಕ್ರಿಸ್ತಶಕ ಮೊದಲನೇ ಶತಮಾನದವಳು, ಇವತ್ತಿನ ಇರಾಕಿನ ಎರ್ಬಿಲ್ ಸುತ್ತಮುತ್ತ ಇದ್ದ ಅಡಿಯಾಬೀನ್ ರಾಜ್ಯದವಳು. ಮಗ ಯುದ್ಧಕ್ಕೆ ಹೋದ. ಅವನು ಕ್ಷೇಮವಾಗಿ ಮರಳಿದರೆ ಏಳು ವರ್ಷ ನಾಜೀರಳಾಗಿರುತ್ತೇನೆ ಎಂದು ಹರಕೆ ಹೊತ್ತಳು. ಮಗ ಬಂದ. ಏಳು ವರ್ಷ ಪಾಲಿಸಿದಳು. ಮುಗಿಸಿ ಯೆಹೂದಿ ನಾಡಿಗೆ ಬಂದರೆ, ಪರದೇಶದಲ್ಲಿ ಪಾಲಿಸಿದ್ದು ಲೆಕ್ಕಕ್ಕಿಲ್ಲ, ಇಲ್ಲಿ ಮತ್ತೆ ಏಳು ವರ್ಷ ಇರಬೇಕು ಎಂದರು ಗುರುಗಳು. ಅದನ್ನೂ ಪಾಲಿಸಿದಳು. ಕೊನೆಯಲ್ಲಿ ಮೈಲಿಗೆ ತಾಗಿ ವ್ರತ ಮುರಿಯಿತು, ಮತ್ತೆ ಏಳು ವರ್ಷ! ಒಟ್ಟು 21 ವರ್ಷ ಎನ್ನುತ್ತದೆ ಮಿಷ್ನಾ. ಅಲ್ಲ, 14 ವರ್ಷವಷ್ಟೇ ಎಂದು ಒಬ್ಬ ಗುರು ತಕರಾರು ತೆಗೆದದ್ದೂ ಅಲ್ಲೇ ದಾಖಲಾಗಿದೆ. ಮಗನಿಗಾಗಿ ಹರಕೆ ಹೊರುವ ತಾಯಿ ಯಾವ ನಾಡಿಗೆ ಹೊಸಬಳು? ಶಿರಸಿಯ ಮಾರಿಕಾಂಬೆಯ ಮುಂದೆ, ಸಿಗಂದೂರಿನ ಚೌಡೇಶ್ವರಿಯ ಮುಂದೆ ನಿಂತ ಯಾವ ತಾಯಿಗೂ ಹೆಲೆನಾಳ ಮಾತು ಬಿಡಿಸಿ ಹೇಳಬೇಕಿಲ್ಲ.

ನೇಮ ಹೊತ್ತವರನ್ನು ಕಾಡಬೇಡಿ ಎಂಬ ಮಾತೂ ಬೈಬಲ್ಲಿನಲ್ಲಿದೆ. ಪ್ರವಾದಿ ಆಮೋಸ ತನ್ನ ಜನರ ಅಪರಾಧಗಳನ್ನು ಎಣಿಸುತ್ತ, ಬಡವರನ್ನು ತುಳಿದಿರಿ ಎನ್ನುವ ಉಸಿರಿನಲ್ಲೇ, ನಾಜೀರರಿಗೆ ಕುಡಿಸಿದಿರಿ ಎಂದೂ ಬೈಯುತ್ತಾನೆ. ಕುಡಿಯದೆ ಇರುತ್ತೇನೆ ಎಂದವನ ಬಾಯಿಗೆ ಬಲವಂತವಾಗಿ ಹಿಡಿಯುವುದು ಅವನ ಕಣ್ಣಿಗೆ ಅಷ್ಟು ದೊಡ್ಡ ಪಾಪ. ಹಾಗೆಂದು ವ್ರತ ಬಿಟ್ಟವನನ್ನು ಹೀನಾಯ ಮಾಡುವುದೂ ಇಲ್ಲ. ಅರಣ್ಯಕಾಂಡ ಅದೇ ಅಧ್ಯಾಯದಲ್ಲಿ, ಮುಡಿ ಕೊಟ್ಟು ವಿಧಿ ಮುಗಿದ ಮೇಲೆ ನಾಜೀರ ದ್ರಾಕ್ಷಾರಸ ಕುಡಿಯಬಹುದು ಎಂದು ಬಾಯಿಬಿಟ್ಟು ಹೇಳುತ್ತದೆ. ಯೇಸುವೇ ಲೂಕನ 7ನೇ ಅಧ್ಯಾಯದಲ್ಲಿ ಈ ಎರಡು ದಾರಿಗಳನ್ನೂ ಎತ್ತಿಹೇಳುತ್ತಾನೆ: ಯೋಹಾನ ಕುಡಿಯದೆ ಬಂದ, ಅವನಿಗೆ ದೆವ್ವ ಹಿಡಿದಿದೆ ಎಂದಿರಿ, ನಾನು ಉಣ್ಣುತ್ತ ಕುಡಿಯುತ್ತ ಬಂದೆ, ನನ್ನನ್ನು ಕುಡುಕ ಎಂದಿರಿ. ನಜರೇತಿನ ಯೇಸು ನಾಜೀರನಲ್ಲ ಎಂಬುದು ಬಹಳ ಜನಕ್ಕೆ ತಿಳಿದಿಲ್ಲ. ನಜರೇತು ಊರಿನ ಹೆಸರು, ನಾಜೀರ ಹರಕೆಯ ಹೆಸರು.

ಒಂದೇ ಒಂದು ಕೊರಗು ನನಗಿದೆ. 1810ರಲ್ಲಿ ಬಳ್ಳಾರಿಗೆ ಬಂದು ಬೈಬಲ್ಲನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಕೂತ ಜಾನ್ ಹ್ಯಾಂಡ್ಸ್‌ನಿಂದ ಹಿಡಿದು ಎಷ್ಟೋ ಜನ ಆ ಗ್ರಂಥವನ್ನು ನಮ್ಮ ಭಾಷೆಗೆ ತಂದಿದ್ದಾರೆ, ಅವರ ಋಣ ದೊಡ್ಡದು. ಆದರೆ ಇಂದು ನಮ್ಮ ಕೈಯಲ್ಲಿರುವ ಕನ್ನಡದಲ್ಲಿ ‘ಮದ್ಯ’ ಎಂಬ ಒಂದೇ ಪದ ಸಿಕೆರದ ಇಡೀ ಬಳಗವನ್ನು ಮುಚ್ಚಿಬಿಟ್ಟಿದೆ. ಮುಂದಿನ ಪರಿಷ್ಕರಣೆಯಲ್ಲಿ ಅಡಿಟಿಪ್ಪಣಿಯಾಗಿಯಾದರೂ ಆ ಮೂಲಪದ ಕನ್ನಡದ ಓದುಗರಿಗೆ ಸಿಗಬೇಕು. ಅದಕ್ಕೆ ಬೇಕಾಗುವ ಜಾಗ ಒಂದು ಸಾಲು.

ಅಲ್ಲಿಯವರೆಗೆ ನಾವೇ ಮಾಡಬಹುದಾದ ಕೆಲಸವೊಂದಿದೆ. ಬರುವ ಡಿಸೆಂಬರಿನಲ್ಲಿ ನಿಮ್ಮೂರಿನ ಮಾಲಾಧಾರಿ ಗೆಳೆಯನಿಗೆ ಅರಣ್ಯಕಾಂಡದ 6ನೇ ಅಧ್ಯಾಯವನ್ನು ಓದಿ ಹೇಳಿ. ನೀವು ಕ್ರೈಸ್ತರಾಗಿದ್ದರೆ ಪಕ್ಕದ ಮನೆಯ ಸ್ವಾಮಿಯನ್ನು ಕರೆದು ಅವರ ನೇಮಗಳನ್ನು ಒಂದೊಂದಾಗಿ ಕೇಳಿ ತಿಳಿದುಕೊಳ್ಳಿ. ಕಾರ್ಗಲ್ಲಿನಂಥ ಊರಿನಲ್ಲಿ ಅದಕ್ಕೆ ಒಂದು ಬೀದಿ ದಾಟಿದರೆ ಸಾಕು.